ಮರಳಿ ಬಂದ ಓಲೆ

ಬಂದ ಕಾಗದವನ್ನು ನಾವು ಓದುತ್ತೇವೆ. ಬಾರದ ಕಾಗದಕ್ಕಾಗಿ ಹಾದಿ ಕಾಯುತ್ತೇವೆ. ನಾವೇ ಬರೆದು, ತಲುಪಬೇಕಾದಲ್ಲಿಗೆ ತಲುಪದೆ, ಹೋದ ದಾರಿಯಲ್ಲೇ ಮರಳಿ ಬಂದ ಕಾಗದವನ್ನು ಮಾತ್ರ ಮುಖ ಸಿಂಡರಿಸಿ ಮೂಲೆಗೆ ಎಸೆಯುತ್ತೇವೆ. ಅದೂ ಒಂದು ಬಗೆಯ ಉತ್ತರವೇ. ಅದರ ಮೈಮೇಲಿನ ಬರಹವನ್ನೂ ಓದಬೇಕು ಎಂಬುದು ನಮಗೆ ಹೊಳೆಯುವುದೇ ಇಲ್ಲ.

ನರೇಗಲ್ಲಿನ ನಮಗಾದರೂ ಇದು ಹೊಳೆಯಬೇಕು. ಏಕೆಂದರೆ ನರೇಗಲ್ ಒಂದಲ್ಲ, ಎರಡು. ಒಂದು ರೋಣದ ಕಡೆಯ ನಮ್ಮ ಊರು. ಇನ್ನೊಂದು ಹಾನಗಲ್ ತಾಲೂಕಿನದು. 1997ರಲ್ಲಿ ಗದಗ, ಹಾವೇರಿ ಜಿಲ್ಲೆಗಳು ಬೇರೆಯಾಗುವವರೆಗೆ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ‘ನರೇಗಲ್, ಧಾರವಾಡ ಜಿಲ್ಲೆ’ ಎಂದಷ್ಟೇ ಬರೆದ ಲಕೋಟೆ ಯಾವ ದಿಕ್ಕಿಗೆ ಹೊರಡಬೇಕು? ಬರೆದವರಿಗೆ ತಮ್ಮ ಊರು ಒಂದೇ. ಟಪಾಲು ವಿಂಗಡಿಸುವವರಿಗೆ ಎರಡು.

ಇಂಥ ಗೊಂದಲಗಳ ಪರಿಹಾರಕ್ಕೆಂದೇ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದಿತು. ಅದರ ಕರ್ತೃ, ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತದಲ್ಲಿ ಕಾವ್ಯ ರಚಿಸಿದ ವಿದ್ವಾಂಸರೂ ಹೌದು. ನಮ್ಮೂರಿನ 582119 ಎಂಬ ಆರು ಅಂಕಿಗಳನ್ನೇ ನೋಡಿ. ಮೊದಲಿನ 5, ಕರ್ನಾಟಕವನ್ನೊಳಗೊಂಡ ದಕ್ಷಿಣದ ಒಂದು ವಲಯ. 58, ಆ ವಲಯದೊಳಗಿನ ನಮ್ಮ ಭಾಗ. 582, ಗದಗಿನ ಕಡೆಯ ವಿಂಗಡಣೆ. ಕೊನೆಯ ಮೂರು, ಕಾಗದ ಹಂಚುವ ಅಂಚೆ ಕಚೇರಿ. ಹಾನಗಲ್ಲಿನ ಕಡೆಯ ಸಂಖ್ಯೆ 581ರಿಂದ ಮೊದಲಾಗುತ್ತದೆ. ನಮ್ಮೂರ ಜಿಲ್ಲೆ ಬದಲಾಯಿತು, ತಾಲೂಕು ರೋಣ ಹೋಗಿ ಗಜೇಂದ್ರಗಡವಾಯಿತು. ಆದರೆ ವಿಳಾಸ ಕೆಡದಂತೆ ಕಾಯಲು ಈ ಆರು ಅಂಕಿಗಳು ಸಾಕು.

ಇನ್ನು ಮರಳಿದ ಲಕೋಟೆಯ ಮೇಲಿನ ಬರಹ. ‘ವಿಳಾಸ ಅಪೂರ್ಣ’ ಎಂದರೆ ತಪ್ಪು ಬರೆದವರದು. ‘ಬಾಗಿಲು ಹಾಕಿದೆ’ ಎಂದರೆ ಮನೆಯವರು ಎಲ್ಲಿಯೋ ಹೋಗಿದ್ದಾರೆ. ನಮ್ಮ ಸೀಮೆಯಲ್ಲಿ, ಮಳೆ ಕೈಕೊಟ್ಟ ವರ್ಷ ದುಡಿಮೆಗೆಂದು ಗುಳೆ ಹೋಗಿರಲೂಬಹುದು. ‘ನಿರಾಕರಿಸಿದರು’ ಎಂಬುದೊಂದೇ ನಿಜವಾದ ತಿರಸ್ಕಾರ. ಅದರಿಂದಲೂ ಎಲ್ಲ ವೇಳೆ ಪಾರಾಗಲಾಗದು: ಸರಿಯಾದ ವಿಳಾಸಕ್ಕೆ ಹೋದ ರಿಜಿಸ್ಟರ್ಡ್ ನೋಟೀಸನ್ನು ಬೇಡವೆಂದು ಮರಳಿಸಿದರೆ, ಅದು ತಲುಪಿತೆಂದೇ ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸುತ್ತವೆ. ಇಷ್ಟು ಭಿನ್ನವಾದ ಕಾರಣಗಳನ್ನು ನಾವು ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ: ‘ಅವರಿಗೆ ನಾವು ಬೇಡವಾದೆವು!’ ಎಷ್ಟೋ ನೆಂಟಸ್ತಿಕೆಗಳು ಹೀಗೆ, ಓದದೆ ಎಸೆದ ಒಂದು ಷರಾದಿಂದ, ಮುರಿದಿವೆ.

ಕಳಿಸಿದವರ ವಿಳಾಸವೂ ಹೊರಗಿಲ್ಲದಿದ್ದರೆ? 1898ರ ಅಂಚೆ ಕಾಯಿದೆ, ಅಂಥ ಕಾಗದವನ್ನು ಗೋಪ್ಯಕ್ಕೆ ಬದ್ಧನಾದ ಅಧಿಕಾರಿಯೊಬ್ಬನು ತೆರೆದು, ಬರೆದವರು ಯಾರೆಂದು ತಿಳಿಯಬೇಕೆಂದು ವಿಧಿಸಿತ್ತು. ಆಗಲೂ ತಿಳಿಯದಿದ್ದರೆ ಕಾಗದವನ್ನು ನಾಶಮಾಡಬೇಕು. ಒಳಗೆ ಹಣವಿದ್ದರೆ ಒಂದು ವರ್ಷ ಕಾದಿಡಬೇಕು. 2023ರ ಹೊಸ ಕಾಯಿದೆ ಅದರ ಸ್ಥಾನಕ್ಕೆ ಬಂದಿದೆ. ಹಣಕ್ಕೆ ಒಂದು ವರ್ಷದ ಗಡುವಿತ್ತು. ಅಕ್ಷರಕ್ಕೆ ಅದೂ ಇರಲಿಲ್ಲ.

ಇಂದಿನ ಓಲೆ ಬಹುಮಟ್ಟಿಗೆ ಇ-ಮೇಲು. ತಲುಪದಾಗ ಅದೂ ಮರಳುತ್ತದೆ, ತನ್ನದೇ ಷರಾ ಹೊತ್ತು. ಅದರ ನಿಯಮಗಳನ್ನು 1982ರಲ್ಲಿ ಜಾನ್ ಪೋಸ್ಟೆಲ್ ಎಂಬ ಅಮೆರಿಕದ ವಿಜ್ಞಾನಿ ಬರೆದಿಟ್ಟನು. ಇಂಗ್ಲಿಷಿನ ಉದ್ದನೆಯ ಒಕ್ಕಣೆ ಕಂಡು ಬೆದರಬೇಕಾಗಿಲ್ಲ. ಅದರೊಳಗೆ ಮೂರಂಕಿಯ ಒಂದು ಸಂಖ್ಯೆಯಿರುತ್ತದೆ. ಮೊದಲ ಅಂಕಿ 4 ಆಗಿದ್ದರೆ ಅಡ್ಡಿ ತಾತ್ಕಾಲಿಕ: ಯಂತ್ರವೇ ಮತ್ತೆ ಮತ್ತೆ ಯತ್ನಿಸುತ್ತದೆ. 5 ಆಗಿದ್ದರೆ, ಇದ್ದಂತೆಯೇ ಮತ್ತೆ ಕಳಿಸಿ ಫಲವಿಲ್ಲ. 550 ಎಂದರೆ ಹೆಚ್ಚಾಗಿ ಆ ಹೆಸರಿನ ಪೆಟ್ಟಿಗೆಯೇ ಅಲ್ಲಿಲ್ಲ. 552 ಎಂದರೆ ಹಲವು ವೇಳೆ ಪೆಟ್ಟಿಗೆ ತುಂಬಿದೆ. ನಮ್ಮ ಅಂಚೆಯವನು ಪೆನ್ಸಿಲಿನಲ್ಲಿ ಬರೆದದ್ದನ್ನೇ ಯಂತ್ರ ಅಂಕಿಗಳಲ್ಲಿ ಬರೆಯುತ್ತದೆ.

ಆದರೆ ಮರಳದೆಯೂ ಕಳೆದುಹೋಗುವ ಓಲೆಗಳುಂಟು. ಅವು ಹೆಚ್ಚು ಅಪಾಯಕಾರಿ. ಕಾಲೇಜಿನಲ್ಲಿ ನಾನು ಕಾಣುವ ಹುಡುಗ ಹುಡುಗಿಯರಲ್ಲಿ ಹಲವರು ಕೆಲಸದ ಅರ್ಜಿಯನ್ನು ಬಸ್‌ಸ್ಟ್ಯಾಂಡಿನ ಬಳಿಯ ಕಂಪ್ಯೂಟರ್ ಅಂಗಡಿಯಲ್ಲಿ ತುಂಬಿಸುತ್ತಾರೆ. ಇ-ಮೇಲ್ ವಿಳಾಸ ಅಂಗಡಿಯವನೇ ಅಂದು ಹುಟ್ಟಿಸಿದ್ದು. ಗುಪ್ತಪದ ಅವನಿಗೆ ಮಾತ್ರ ಗೊತ್ತು, ಕೆಲವೊಮ್ಮೆ ಅವನಿಗೂ ನೆನಪಿಲ್ಲ. ಸಂದರ್ಶನದ ಕರೆ ಬಂದರೆ ಅದು ‘ತಲುಪಿದೆ’ ಎಂದೇ ಲೆಕ್ಕ, ಏಕೆಂದರೆ ಪೆಟ್ಟಿಗೆಯಿದೆ. ತೆರೆಯುವ ಕೈ ಮಾತ್ರ ಇಲ್ಲ. ದಿನಾಂಕ ಕಳೆದ ಮೇಲೆ ಮನೆಯಲ್ಲಿ ತಂದೆ ಕೇಳುತ್ತಾನೆ, ‘ಏನೂ ಬರಲಿಲ್ಲೇನೋ?’ ಮಗ ‘ಇಲ್ಲಪ್ಪ’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ಲಕೋಟೆಯ ಮೇಲೆ ನಿಮ್ಮ ವಿಳಾಸವನ್ನೂ ಬರೆಯಿರಿ. ಮಕ್ಕಳು ಅರ್ಜಿ ಹಾಕಿದ ಸಂಜೆ, ಅದರಲ್ಲಿ ಕೊಟ್ಟ ಇ-ಮೇಲ್ ಪೆಟ್ಟಿಗೆಯನ್ನು ಅವರ ಕೈಯಿಂದಲೇ ಒಮ್ಮೆ ತೆರೆಸಿ ನೋಡಿ. ‘ಸ್ಪ್ಯಾಮ್’ ಎಂಬ ಕಸದ ಮೂಲೆಯನ್ನೂ ಬಿಡಬೇಡಿ. ಹತ್ತು ಜನರಿಗೆ ಕಳಿಸಿದ ಮದುವೆಯ ಕರೆಯೋಲೆಯಲ್ಲಿ ಒಂದು ಮರಳಿದರೆ, ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕುವ ಮುನ್ನ ಫೋನಿನಲ್ಲಿ ವಿಚಾರಿಸಿರಿ. ಬೇಡವಾದದ್ದು ನೀವೋ, ಬದಲಾದದ್ದು ಬರೀ ಮನೆಯೋ, ಒಂದೇ ಮಾತಿನಲ್ಲಿ ತಿಳಿದೀತು.