ದಣಿಸದ ರಜೆ ಬೇಕೆ? ಸಣ್ಣ ಊರಿಗೆ ಹೋಗಿ

ರಜೆ ಮುಗಿಸಿ ಬಂದವರನ್ನು 'ಪ್ರವಾಸ ಹೇಗಿತ್ತು?' ಎಂದು ಕೇಳಿ ನೋಡಿ. 'ಚೆನ್ನಾಗಿತ್ತು, ಆದರೆ ತುಂಬಾ ಸುಸ್ತಾಯಿತು' ಎಂಬ ಉತ್ತರವೇ ಹೆಚ್ಚು. ವಿಶ್ರಾಂತಿಗೆಂದು ಹೊರಟವರು ಇನ್ನೊಂದು ವಿಶ್ರಾಂತಿ ಬೇಕೆನ್ನುವ ಸ್ಥಿತಿಯಲ್ಲಿ ಮರಳುವುದು ವಿಪರ್ಯಾಸವಲ್ಲವೇ?

ವೈದ್ಯರಾಗಿಯೋ ಎಂಜಿನಿಯರುಗಳಾಗಿಯೋ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಕಡಿಮೆಯೇನಲ್ಲ. ಡಿಸೆಂಬರಿನಲ್ಲಿ ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರೂ ಇದ್ದಾರೆ. ಆಗ ಶುರುವಾಗುತ್ತದೆ ಓಟ. ಲಂಡನ್ನಿನ ಅರಮನೆ, ಗೋಪುರ, ಸೇತುವೆ. ಮರುದಿನ ಎಡಿನ್‌ಬರೋ ಕೋಟೆ. ಅದರ ಮರುದಿನ ಮತ್ತೊಂದು. ಎಪ್ಪತ್ತರ ಮಂಡಿನೋವಿನವರೂ ಇಪ್ಪತ್ತರ ಮೊಮ್ಮಕ್ಕಳೊಡನೆ ಮೆಟ್ಟಿಲು ಹತ್ತಬೇಕು. ಇದರ ಬದಲು ಒಂದೇ ಸಣ್ಣ ಊರನ್ನು ಆರಿಸಿಕೊಂಡು ಅಲ್ಲಿ ಮೂರು ರಾತ್ರಿ ಸುಮ್ಮನೆ ಇದ್ದು ಬನ್ನಿ ಎಂಬುದು ನನ್ನ ಸಲಹೆ.

ಚಳಿಗಾಲದಲ್ಲೇಕೆ?

ಡಿಸೆಂಬರ್ ಕೊನೆಗೆ ಲಂಡನ್ನಿನಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ಸೂರ್ಯೋದಯ; ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಹಗಲು ಎಂಟು ಗಂಟೆಯೂ ಇಲ್ಲ. ಅದೇ ವೇಳೆಗೆ ನಮ್ಮ ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಬೆಳಕಿರುತ್ತದೆ. ಅಲ್ಲಿನ ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಆರದು, ತಿರುಗಾಟ ನಿಲ್ಲದು. ಚಳಿಗಾಲವಾದರೋ 'ಸಾಕು, ಮನೆಗೆ ನಡೆಯಿರಿ' ಎಂದು ನಾಲ್ಕು ಗಂಟೆಗೇ ಹೇಳಿಬಿಡುತ್ತದೆ. ಆ ಮಾತನ್ನು ಕೇಳುವುದೇ ವಿಶ್ರಾಂತಿಯ ಮೊದಲ ಪಾಠ.

ಆದರೆ ಇಡೀ ದಿನ ಹೀಟರಿನ ಮುಂದೆ ಕುಳಿತುಬಿಡಬೇಡಿ. ಬೆಳಕಿನ ಕೊರತೆಯಿಂದ ಚಳಿಗಾಲದಲ್ಲಿ ಕೆಲವರಿಗೆ ಮನಸ್ಸು ಕುಗ್ಗುತ್ತದೆ, ನಿದ್ದೆ ಅತಿಯಾಗುತ್ತದೆ. ವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ಈ ಋತುಮಾನದ ಖಿನ್ನತೆಯನ್ನು ವಿವರಿಸಿದರು. ಹತ್ತೂವರೆಯಿಂದ ಒಂದರವರೆಗಿನ ಬೆಳಕಿನಲ್ಲಿ ಒಂದು ಗಂಟೆ ನಿಧಾನವಾಗಿ ನಡೆದರೆ ಮನಸ್ಸಿಗೂ ರಾತ್ರಿಯ ನಿದ್ದೆಗೂ ಒಳ್ಳೆಯದು. ಸಣ್ಣ ಊರುಗಳಲ್ಲಿ ಮನೆ ಬಾಗಿಲಿನಿಂದಲೇ ಕಾಲುದಾರಿಗಳು ಹೊರಡುತ್ತವೆ. ಬಸ್ಸು, ಟಿಕೆಟ್ಟುಗಳ ಗೊಡವೆಯಿಲ್ಲ.

ಡಾರ್ವಿನ್ ಕಂಡ ಊರು

ಇಂಗ್ಲೆಂಡಿನ ಮಾಲ್ವರ್ನ್ ಬೆಟ್ಟದ ಇಳಿಜಾರಿನಲ್ಲಿರುವ ಸಣ್ಣ ಊರು. 1842ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜೇಮ್ಸ್ ಗಲ್ಲಿ ಎಂಬ ವೈದ್ಯರು ಇಲ್ಲಿ ಜಲಚಿಕಿತ್ಸೆ ಆರಂಭಿಸಿದರು. ಹೊಟ್ಟೆನೋವು, ವಾಂತಿಗಳಿಂದ ಬಳಲಿದ್ದ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1849ರಲ್ಲಿ ಸಂಸಾರ ಸಮೇತ ಬಂದು ಕೆಲವು ತಿಂಗಳು ಇಲ್ಲಿದ್ದರು. ತಣ್ಣೀರಿನ ಸ್ನಾನ, ನಡಿಗೆ, ಸಕ್ಕರೆ-ಬೆಣ್ಣೆ ಬಿಟ್ಟ ಊಟ ಇವು ಅಲ್ಲಿಯ ಕ್ರಮ. ಅವರಿಗೆ ಗುಣವೂ ಕಂಡಿತು. ಗುಣ ತಂದದ್ದು ತಣ್ಣೀರೋ, ಬರವಣಿಗೆಯ ಮೇಜಿನಿಂದ ದೂರವಿದ್ದುದೋ? ಎರಡನೆಯದೇ ಎಂದು ನನಗೆ ತೋರುತ್ತದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1851ರಲ್ಲಿ ಡಾರ್ವಿನ್ ಕಾಯಿಲೆ ಬಿದ್ದ ಹತ್ತು ವರ್ಷದ ಮಗಳು ಆನಿಯನ್ನು ಅದೇ ವೈದ್ಯರ ಬಳಿಗೆ ಕರೆತಂದರು. ಮಗು ಉಳಿಯಲಿಲ್ಲ. ಅವಳ ಸಮಾಧಿ ಇಂದಿಗೂ ಆ ಊರಿನ ಚರ್ಚಿನ ಅಂಗಳದಲ್ಲಿದೆ. ಈ ಮಾತನ್ನು ನೆನಪಿಡಿ: ವಿಶ್ರಾಂತಿ ದಣಿವನ್ನು ಕಳೆಯುತ್ತದೆ, ರೋಗವನ್ನಲ್ಲ. ಎದೆನೋವು, ಇಳಿಯದ ಜ್ವರ, ವಾರಗಟ್ಟಲೆ ಬಿಡದ ಖಿನ್ನತೆ ಇವಕ್ಕೆ ವೈದ್ಯರೇ ಬೇಕು, ಬೆಟ್ಟದ ಗಾಳಿಯಲ್ಲ.

ಬಿಸಿನೀರಿನ ಹಿತ ಬಯಸುವವರಿಗೆ ಬಾತ್ ಎಂಬ ಸಣ್ಣ ನಗರವಿದೆ. ಇಲ್ಲಿ ಸುಮಾರು 46 ಡಿಗ್ರಿ ಬಿಸಿಯ ನೀರು ದಿನಕ್ಕೆ ಹನ್ನೊಂದು ಲಕ್ಷ ಲೀಟರಿಗೂ ಹೆಚ್ಚು ನೆಲದಿಂದ ಉಕ್ಕುತ್ತದೆ. ರೋಮನ್ನರ ಹಳೆಯ ಕೊಳವನ್ನು ನೋಡಬಹುದು, ಇಳಿಯುವಂತಿಲ್ಲ. ಸ್ನಾನಕ್ಕೆ 2006ರಲ್ಲಿ ತೆರೆದ ಹೊಸ ಸ್ನಾನಗೃಹವುಂಟು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ. ಓದುವ ಚಟವಿದ್ದರೆ ವೇಲ್ಸ್ ಗಡಿಯ ಹೇ-ಆನ್-ವೈಗೆ ಹೋಗಿ. 1960ರ ದಶಕದಲ್ಲಿ ರಿಚರ್ಡ್ ಬೂತ್ ಅಲ್ಲಿ ಹಳೆ ಪುಸ್ತಕದಂಗಡಿ ತೆರೆದ ಮೇಲೆ ಊರೇ ಪುಸ್ತಕದ ಪೇಟೆಯಾಯಿತು. ದೇಶ ಸುತ್ತುವುದು, ಕೋಶ ಓದುವುದು ಎರಡೂ ಅಲ್ಲಿ ಒಟ್ಟಿಗೇ ಆಗುತ್ತವೆ.

ರಜೆ ಯಾರಿಗೆ?

ಇನ್ನೊಂದು ಮಾತು. ನಮ್ಮವರು ಬಾಡಿಗೆ ಮನೆ ಹಿಡಿದು, ಕುಕ್ಕರು, ಅಕ್ಕಿ, ಸಾರಿನಪುಡಿ ಎಲ್ಲವನ್ನೂ ಹೊತ್ತೊಯ್ಯುತ್ತಾರೆ. ಅಲ್ಲೂ ಅಮ್ಮನೇ ಒಲೆಯ ಮುಂದೆ ನಿಂತರೆ ರಜೆ ಸಿಕ್ಕಿದ್ದು ಯಾರಿಗೆ? ಒಪ್ಪೊತ್ತಾದರೂ ಹೊರಗಿನ ಬಿಸಿ ಸೂಪು, ಬ್ರೆಡ್ಡು ಸಾಕೆನ್ನಿ. ಉಳಿದದ್ದನ್ನು ಗಂಡಸರು, ಮಕ್ಕಳು ಹಂಚಿಕೊಳ್ಳಲಿ.

ಕೆಲವು ಎಚ್ಚರಿಕೆಗಳು: ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಬಟ್ಟೆಗಳ ಪದರ ಬೆಚ್ಚಗೆ. ಹಿಮ ಗಟ್ಟಿದ ದಾರಿ ಜಾರುತ್ತದೆ. ಹಿರಿಯರ ಸೊಂಟದ ಮೂಳೆ ಮುರಿಯಲು ಒಂದು ಬೀಳು ಸಾಕು, ಹಿಡಿತವಿರುವ ಷೂ ಹಾಕಿಸಿ. ಆಸ್ತಮಾ ಇರುವವರು ಮೂಗು-ಬಾಯಿಗೆ ಮಫ್ಲರ್ ಸುತ್ತಿಕೊಂಡು, ಇನ್‌ಹೇಲರನ್ನು ಜೇಬಿನಲ್ಲಿಟ್ಟುಕೊಳ್ಳಲಿ. ಸಣ್ಣ ಊರಿನ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಬೇಗ ಮುಗಿದುಹೋಗುವುದುಂಟು. ಸಕ್ಕರೆ ಕಾಯಿಲೆಯವರ ಬಳಿ ಹಣ್ಣು, ಬಿಸ್ಕತ್ತು ಇರಲಿ. ಡಿಸೆಂಬರ್ 25ರಂದು ರೈಲುಗಳು ಬಹುತೇಕ ಓಡುವುದಿಲ್ಲ, ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಮಾತ್ರೆಗಳನ್ನು ಮೊದಲೇ ಎಣಿಸಿಟ್ಟುಕೊಳ್ಳಿ. ಭಾರತದಿಂದ ಹೋಗುವ ಹಿರಿಯರಿಗೆ ಪ್ರವಾಸ ವಿಮೆ ಮಾಡಿಸದೆ ಕಳಿಸಬೇಡಿ. ಅಲ್ಲೇ ನೆಲೆಸಿದವರು ವಿಟಮಿನ್ ಡಿ ಮರೆಯಬಾರದು. ದಿನಕ್ಕೆ 10 ಮೈಕ್ರೋಗ್ರಾಂ ಎಂಬುದು ಅಲ್ಲಿನ ಸರ್ಕಾರದ ಚಳಿಗಾಲದ ಸಲಹೆ. ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕೆಂದೂ ಅದು ಹೇಳುತ್ತದೆ.

ಮರಳಿದ ಮೇಲೆ ನೆಂಟರು 'ಏನೇನು ನೋಡಿದಿರಿ?' ಎಂದು ಕೇಳಿಯೇ ಕೇಳುತ್ತಾರೆ. 'ಹೆಚ್ಚೇನೂ ನೋಡಲಿಲ್ಲ, ಚೆನ್ನಾಗಿ ನಿದ್ದೆ ಬಂತು' ಎನ್ನಲು ಸಂಕೋಚಪಡಬೇಡಿ.