ಕಾಯಕಕ್ಕೆ ತಕ್ಕ ಉಪಕರಣ



ವಿದ್ಯಾದಾಸೋಹಕ್ಕೆ ನಮ್ಮ ಹಿರಿಯರು ಕೊಟ್ಟ ಮಹತ್ವ ಎಲ್ಲರಿಗೂ ತಿಳಿದದ್ದೇ ಆಗಿದೆ. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ೧೯೪೭ರಲ್ಲಿಯೂ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವು ೧೯೬೩ರಲ್ಲಿಯೂ ಆರಂಭವಾದವು. ಇಂತಹ ಸಂಸ್ಥೆಗಳ ಫಲವಾಗಿ ಇಂದು ಒಕ್ಕಲುತನದ ಮನೆಗಳಲ್ಲಿಯೂ ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇರುವುದು ಸಾಮಾನ್ಯವಾಗಿದೆ. ಆ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ "ಶಕ್ತಿಶಾಲಿ ಬೋರ್ಡು ಬೇಕು" ಎಂದು ಹಣ ಕೇಳಿದಾಗ ತಂದೆತಾಯಿಗಳು ಪೇಚಿಗೆ ಸಿಲುಕುತ್ತಾರೆ. ಇಲ್ಲವೆನ್ನಲು ಮನಸ್ಸು ಬಾರದು; ಕೇಳಿದ್ದು ಅಗತ್ಯವೋ ಆಡಂಬರವೋ ತಿಳಿಯದು. ಈ ಸಂಚಿಕೆಯಲ್ಲಿ ಆ ವಿಷಯವನ್ನೇ ಕುರಿತು ವಿಚಾರ ಮಾಡೋಣ.

ಮೈಕ್ರೊಕಂಟ್ರೋಲರ್ ಎಂಬುದು ಒಂದೇ ಚಿಪ್ಪಿನೊಳಗೆ ಅಡಗಿರುವ ಸಣ್ಣ ಗಣಕಯಂತ್ರ. ಸೆನ್ಸರುಗಳಿಂದ ಅಳತೆಗಳನ್ನು ಪಡೆದು, ಲೆಕ್ಕ ಹಾಕಿ, ಮೋಟಾರು, ದೀಪ, ಪಂಪುಗಳನ್ನು ನಡೆಸುವುದು ಅದರ ಕೆಲಸ. ಆ ಚಿಪ್ಪನ್ನು ವಿದ್ಯುತ್ ಮತ್ತು ತಂತಿ ಜೋಡಣೆಯ ಅನುಕೂಲಗಳೊಡನೆ ಕೂಡಿಸಿದ ಫಲಕಕ್ಕೆ ಬೋರ್ಡು ಎನ್ನುತ್ತಾರೆ. ಅನೇಕರು ಮೊದಲು ಕಲಿಯುವುದು ಆರ್ಡುಯಿನೊ ಯುನೊದ ಪ್ರಸಿದ್ಧ ಹಳೆಯ ಮಾದರಿಯಲ್ಲಿ. ಅದರ ವೇಗ ೧೬ ಮೆಗಾಹರ್ಟ್ಸ್, ಕೆಲಸದ ಸ್ಮೃತಿ ೨ ಕಿಲೋಬೈಟ್. ೨೦೨೦ರಲ್ಲಿ ಬಂದ ಟೀನ್ಸಿ ೪.೧ ಬೋರ್ಡಿನ ವೇಗ ೬೦೦ ಮೆಗಾಹರ್ಟ್ಸ್, ಸ್ಮೃತಿ ೧,೦೨೪ ಕಿಲೋಬೈಟ್. ಈ ಅಂಕಿಗಳನ್ನು ಕಂಡ ವಿದ್ಯಾರ್ಥಿಯ ಮನಸ್ಸು ಎರಡನೆಯದರತ್ತ ಓಡುವುದು ಸಹಜ.

ಆದರೆ ಶರಣರ ಬದುಕನ್ನು ನೆನೆಯಿರಿ. ಅಂಬಿಗರ ಚೌಡಯ್ಯನವರಿಗೆ ಹುಟ್ಟು ಬೇಕು, ಮೇದಾರ ಕೇತಯ್ಯನವರಿಗೆ ಬಿದಿರು ಸೀಳುವ ಕತ್ತಿ ಬೇಕು. ಕಾಯಕ ಯಾವುದೆಂದು ನಿಶ್ಚಯವಾದ ಮೇಲೆಯೇ ಉಪಕರಣದ ಮಾತು. ಬೋರ್ಡಿನ ವಿಷಯದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ.

ತೋಟದ ಮಣ್ಣಿನ ತೇವಾಂಶವನ್ನು ಹತ್ತು ನಿಮಿಷಕ್ಕೊಮ್ಮೆ ಅಳೆದು ಹನಿ ನೀರಾವರಿಯ ವಾಲ್ವು ತೆರೆಯುವುದಾದರೆ ಯುನೊದ ವೇಗವೇ ಧಾರಾಳವಾಯಿತು. ಸಿ.ಡಿ. ಗುಣಮಟ್ಟದ ಧ್ವನಿಯನ್ನು ಸಂಸ್ಕರಿಸುವುದಾದರೆ ಲೆಕ್ಕವೇ ಬೇರೆ. ಅಲ್ಲಿ ಸೆಕೆಂಡಿಗೆ ೪೪,೧೦೦ ಬಾರಿ ಅಳತೆ ತೆಗೆಯಬೇಕು. ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಯುನೊಗೆ ದೊರೆಯುವುದು ಸುಮಾರು ೩೬೩ ಗಡಿಯಾರ ಮಿಡಿತಗಳು ಮಾತ್ರ; ಟೀನ್ಸಿಗೆ ೧೩,೬೦೦ ದೊರೆಯುತ್ತವೆ. ಸ್ಮೃತಿಯ ಮಾತೂ ಹೀಗೆಯೇ. ೩೨೦ ಅಗಲ, ೨೪೦ ಎತ್ತರದ ಬಿಂದುಗಳುಳ್ಳ ಒಂದು ಸಣ್ಣ ಬಣ್ಣದ ಚಿತ್ರಕ್ಕೆ ಬಿಂದುವೊಂದಕ್ಕೆ ಎರಡು ಬೈಟಿನಂತೆ ೧೫೦ ಕಿಲೋಬೈಟ್ ಬೇಕು. ಅದು ಯುನೊದಲ್ಲಿ ಹಿಡಿಸದು. ೨೦೨೧ರಲ್ಲಿ ೪ ಡಾಲರ್ ಬೆಲೆಗೆ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಪಿಕೊದಲ್ಲಿ ೨೬೪ ಕಿಲೋಬೈಟ್ ಸ್ಮೃತಿ ಇರುವುದರಿಂದ ಅಂತಹ ಒಂದು ಚಿತ್ರ ಹಿಡಿಸೀತು, ಎರಡು ಹಿಡಿಸಲಾರವು. ಮಕ್ಕಳು ಕಾಗದ ಪೆನ್ನು ಹಿಡಿದು ಇಂತಹ ಗುಣಾಕಾರ ಭಾಗಾಕಾರ ಮಾಡಿದರೆ ಅರ್ಧ ನಿರ್ಣಯ ಅಲ್ಲಿಯೇ ಆಗುತ್ತದೆ.

ಲೆಕ್ಕದ ಬಗೆಯನ್ನೂ ನೋಡಬೇಕು. ಪಂಪಿನ ಮೋಟಾರಿನ ಕಂಪನವನ್ನು ವಿಶ್ಲೇಷಿಸಿ ಬೇರಿಂಗು ಸವೆದಿರುವುದನ್ನು ಗುರುತಿಸುವಂತಹ ಪ್ರಾಜೆಕ್ಟಿನಲ್ಲಿ ದಶಮಾಂಶದ ಗಣಿತ ಹೇರಳ. ಮೊದಲ ಪಿಕೊದ ಚಿಪ್ಪಿನಲ್ಲಿ ಅದಕ್ಕೆಂದೇ ಮೀಸಲಾದ ಘಟಕವಿಲ್ಲ. ೨೦೨೪ರ ಪಿಕೊ ೨ರಲ್ಲಿಯೂ ಟೀನ್ಸಿಯಲ್ಲಿಯೂ ಇದೆ. ಅಳತೆಗಳನ್ನು ವೈ-ಫೈ ಮೂಲಕ ಕಳುಹಿಸಬೇಕಾದರೆ ಆ ಸೌಲಭ್ಯವನ್ನು ಚಿಪ್ಪಿನಲ್ಲಿಯೇ ಪಡೆದಿರುವ ಇ.ಎಸ್.ಪಿ.೩೨ ಅನುಕೂಲ. ಆದರೆ ಅದರ ಮೂಲ ಮಾದರಿಯಲ್ಲಿ ವೈ-ಫೈ ನಡೆಯುತ್ತಿರುವಾಗ ಅಳತೆ ತೆಗೆಯುವ ಎರಡನೆಯ ಗುಂಪಿನ ಪಿನ್ನುಗಳು ಉಪಯೋಗಕ್ಕೆ ಬಾರವು. ಇದನ್ನರಿಯದೆ ತಂತಿ ಜೋಡಿಸಿದವರು ದಿನಗಟ್ಟಲೆ ತಪ್ಪು ಹುಡುಕಬೇಕಾಗುತ್ತದೆ. ತಪ್ಪು ಹುಡುಕುವ ಸೌಕರ್ಯವೇ ಮುಖ್ಯವೆಂದಾದರೆ ಎಸ್.ಟಿ.ಎಂ.೩೨ ನ್ಯೂಕ್ಲಿಯೊ ಬೋರ್ಡುಗಳು ಮೇಲು. ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗಿನ ಸ್ಥಿತಿಯನ್ನು ಪರೀಕ್ಷಿಸುವ ಸಾಧನ ಅವುಗಳಲ್ಲಿಯೇ ಅಳವಟ್ಟಿದೆ.

ಹಣ ವ್ಯರ್ಥವಾಗುವ ಇನ್ನೊಂದು ದಾರಿ ವೋಲ್ಟೇಜಿನದು. ಯುನೊ ೫ ವೋಲ್ಟಿನದು, ಟೀನ್ಸಿ ೪.೧ರ ಪಿನ್ನುಗಳು ೩.೩ ವೋಲ್ಟಿಗಿಂತ ಹೆಚ್ಚನ್ನು ತಾಳಲಾರವು. ದೂರ ಅಳೆಯುವ ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರ್ ೫ ವೋಲ್ಟಿನ ಸಂಕೇತವನ್ನು ಹಿಂದಿರುಗಿಸುತ್ತದೆ. ಅದನ್ನು ನೇರವಾಗಿ ಜೋಡಿಸಿದರೆ ದುಬಾರಿ ಬೋರ್ಡು ಸುಟ್ಟುಹೋಗಬಹುದು. ೧ ಕಿಲೋ-ಓಮ್ ಮತ್ತು ೨ ಕಿಲೋ-ಓಮ್‌ಗಳ ಎರಡು ರೆಸಿಸ್ಟರುಗಳಿಂದ ಸಂಕೇತವನ್ನು ವಿಭಾಗಿಸಿದರೆ ಸುಮಾರು ೩.೩ ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿಯ ಮೇಲೆ ನಡೆಸುವವರು ವೇಗಕ್ಕೆ ತೆರಬೇಕಾದ ಬೆಲೆಯನ್ನೂ ಅರಿತಿರಲಿ. ಪೂರ್ಣ ವೇಗದಲ್ಲಿ ಟೀನ್ಸಿ ಸುಮಾರು ೧೦೦ ಮಿಲಿಆಂಪಿಯರ್ ಸೆಳೆಯುವುದರಿಂದ ೨,೦೦೦ ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಒಂದು ದಿನವೂ ಬಾಳದು.

ಸ್ವದೇಶಿ ಪ್ರಯತ್ನವನ್ನೂ ಇಲ್ಲಿ ನೆನೆಯಬೇಕು. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ತೇಜಸ್-೩೨ ಚಿಪ್ಪನ್ನು ಏರೀಸ್ ಬೋರ್ಡುಗಳಲ್ಲಿ ಅಳವಡಿಸಲಾಗಿದೆ. ಅದರ ವೇಗ ೧೦೦ ಮೆಗಾಹರ್ಟ್ಸ್, ಸ್ಮೃತಿ ೨೫೬ ಕಿಲೋಬೈಟ್. ಮಧ್ಯಮ ತರಗತಿಯ ಕೆಲಸಗಳಿಗೆ ಇದನ್ನೂ ಪರಿಶೀಲಿಸಬಹುದು.

ತಂದೆತಾಯಿಗಳು ವಿಜ್ಞಾನ ಓದಿರಬೇಕೆಂದಿಲ್ಲ. ಮಗುವನ್ನು ಹತ್ತಿರ ಕೂಡಿಸಿಕೊಂಡು ಕೇಳಿರಿ: ಸೆಕೆಂಡಿಗೆ ಎಷ್ಟು ಅಳತೆ ತೆಗೆಯುವೆ? ಎಷ್ಟನ್ನು ನೆನಪಿಡಬೇಕು? ಸೆನ್ಸರು ಎಷ್ಟು ವೋಲ್ಟಿನದು? ವಿದ್ಯುತ್ತು ಎಲ್ಲಿಂದ ಬರುತ್ತದೆ? ಇವುಗಳಿಗೆ ಉತ್ತರವಿದ್ದರೆ ಕೇಳಿದ ಬೋರ್ಡನ್ನು ಸಂತೋಷದಿಂದ ಕೊಡಿಸಿರಿ, ಬೆಲೆ ತುಸು ಹೆಚ್ಚಾದರೂ ಸರಿಯೆ. ಉತ್ತರವಿಲ್ಲದಿದ್ದರೆ ಗದರಿಸಬೇಡಿರಿ, ಲೆಕ್ಕ ಮಾಡಿಕೊಂಡು ಬರಲು ಒಂದು ವಾರದ ಅವಧಿ ಕೊಡಿರಿ.

ಇದರಲ್ಲಿ ಹಣಕ್ಕಿಂತ ದೊಡ್ಡದಾದ ಮಾತೊಂದಿದೆ. ಪೇಟೆಯಲ್ಲಿ ಸಿದ್ಧಪಡಿಸಿದ ಪ್ರಾಜೆಕ್ಟುಗಳು ಮಾರಾಟಕ್ಕೆ ದೊರೆಯುತ್ತವೆ. ಬೋರ್ಡನ್ನು ತಿಳಿಯದೆ ಕೊಂಡ ವಿದ್ಯಾರ್ಥಿಗೆ ಅದು ಕೈಗೆ ಹತ್ತದೆ, ದಿನಗಳು ಕಳೆದು, ಕೊನೆಗೆ ಆ ಅಂಗಡಿಯ ಬಾಗಿಲೇ ಗತಿಯಾಗುತ್ತದೆ. ಆಗ ಅಂಕಪಟ್ಟಿ ಕೈಗೆ ಬಂದರೂ ಕಸುಬು ಕೈಗೆ ಬಾರದು. ಬೇರೆಯವರ ದುಡಿಮೆಗೆ ತನ್ನ ಹೆಸರಿಡುವುದು ಸತ್ಯಶುದ್ಧ ಕಾಯಕವೆನಿಸದು. ಸಣ್ಣ ಬೋರ್ಡಾದರೂ ತಾನೇ ಅರಿತು ಕಟ್ಟಿದ್ದನ್ನು ಪರೀಕ್ಷಕರ ಮುಂದೆ ವಿವರಿಸಬಲ್ಲ ಮಗು, ನಾಳೆ ಕೆಲಸ ಕೊಡುವವರ ಮುಂದೆಯೂ ತಲೆಯೆತ್ತಿ ಮಾತನಾಡುತ್ತದೆ.

ಪ್ರಾಜೆಕ್ಟು ಮುಗಿದ ಮೇಲೆ ಬೋರ್ಡನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ನಿಮ್ಮೂರಿನ ಪ್ರೌಢಶಾಲೆಗೋ ವಿದ್ಯಾರ್ಥಿನಿಲಯಕ್ಕೋ ಕೊಡಿಸಿರಿ. ಕಲಿತವರು ಒಂದು ಭಾನುವಾರ ಕುಳಿತು ಕಿರಿಯರಿಗೆ ಅದರ ಬಳಕೆಯನ್ನು ತೋರಿಸಿಕೊಡಲಿ. ಅದೂ ದಾಸೋಹವೇ ಆಗುತ್ತದೆ.