ತಂಡಕ್ಕೆ ಷೇರುದಾರರು ಬೇಕು

2023ರ ಮಾರ್ಚ್ 18ರಂದು ಗೋವೆಯ ಫತೋರ್ಡಾ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವನ್ನಾಡಿ, ಸರಿಸಮನಾದ ಹೋರಾಟದ ತರುವಾಯ ಪೆನಾಲ್ಟಿ ಒದೆತಗಳಲ್ಲಿ ಮಾತ್ರ ಎಟಿಕೆ ಮೋಹನ್ ಬಾಗಾನಿಗೆ ಮಣಿದ ಬೆಂಗಳೂರು ಎಫ್‌ಸಿ ತಂಡದ ತರಬೇತುದಾರ ಸೈಮನ್ ಗ್ರೇಸನ್ ಅವರನ್ನು, ಅದೇ ವರ್ಷದ ಡಿಸೆಂಬರಿನಲ್ಲಿ, ಕಂಠೀರವದ ಸ್ವಂತ ಅಂಗಳದಲ್ಲಿಯೇ ಮುಂಬಯಿ ಸಿಟಿಗೆ ನಾಲ್ಕು ಗೋಲುಗಳಿಂದ ಸೋತ ಬೆನ್ನಲ್ಲೇ ಕ್ಲಬ್ಬು ಬೀಳ್ಕೊಟ್ಟಿತು. ಪ್ರಶಸ್ತಿಯ ಹೊಸ್ತಿಲಿನಿಂದ ಪದಚ್ಯುತಿಯವರೆಗಿನ ಈ ಹಾದಿಗೆ ಒಂಬತ್ತು ತಿಂಗಳು ಸಾಕಾಯಿತು. ಆ ಋತು ಮುಗಿಯುವಾಗ ಹನ್ನೆರಡು ತಂಡಗಳ ಪಟ್ಟಿಯಲ್ಲಿ ಕರ್ನಾಟಕದ ತಂಡ ಹತ್ತನೆಯ ಸ್ಥಾನದಲ್ಲಿತ್ತು. ಎಂದರೆ ಗುರುವನ್ನು ಬದಲಿಸಿದ್ದರಿಂದ ಆ ವರ್ಷದ ಮಟ್ಟಿಗೆ ಶಿಷ್ಯರ ಗತಿಯೇನೂ ಬದಲಾಗಲಿಲ್ಲ.

ಐನೂರು ಕಿಲೋಮೀಟರಿಗೂ ದೂರದ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ವಾಸಿಸುವ ನಮಗೆ ರಾಜಧಾನಿಯ ಕಾಲ್ಚೆಂಡಿನ ತಂಡವೊಂದರ ಈ ಏರಿಳಿತಗಳಿಂದೇನು ಎಂದು ಕೇಳುವವರಿರಬಹುದು. ಕುಸ್ತಿಯೂ ಕಬಡ್ಡಿಯೂ ನಮ್ಮ ಮಣ್ಣಿನ ಆಟಗಳೆಂಬುದು ನಿಜವೇ. ಆದರೂ ಈ ತಂಡದ ಕಥೆಯಲ್ಲಿ ಅಡಗಿರುವ ಪ್ರಶ್ನೆ ಒಡೆತನದ ಪ್ರಶ್ನೆಯಾಗಿದೆ. ಅದರ ವಿಷಯದಲ್ಲಿ ನಮ್ಮ ಈ ಮೂರು ತಾಲ್ಲೂಕುಗಳಿಗಿರುವಷ್ಟು ಅನುಭವ ಬೆಂಗಳೂರಿಗೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ತರಬೇತುದಾರರ ಮಾತು. ಜೆಎಸ್‌ಡಬ್ಲ್ಯು ಸಂಸ್ಥೆ 2013ರಲ್ಲಿ ಈ ಕ್ಲಬ್ಬನ್ನು ಸ್ಥಾಪಿಸಿದಾಗ ಅದರ ಹೊಣೆ ಹೊತ್ತ ಆ್ಯಶ್ಲಿ ವೆಸ್ಟ್‌ವುಡ್ ಮೊದಲ ವರ್ಷವೇ ಐ-ಲೀಗ್ ಗೆದ್ದುಕೊಟ್ಟರು. ಮೂರನೆಯ ವರ್ಷದಲ್ಲಿ ಮತ್ತೊಮ್ಮೆ ಗೆದ್ದರು. ಅವರ ತರುವಾಯ ಬಂದ ಆಲ್ಬರ್ಟ್ ರೋಕಾ ಅವರ ಕಾಲದಲ್ಲಿ, 2016ರ ನವೆಂಬರಿನಲ್ಲಿ, ಭಾರತದ ಕ್ಲಬ್ಬೊಂದು ಮೊತ್ತಮೊದಲ ಬಾರಿಗೆ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನಾಡಿತು. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. 2018ರಲ್ಲಿ ರೋಕಾ ನಿರ್ಗಮಿಸಿದಾಗ ಆಡಳಿತದವರು ಮಾಡಿದ ಕೆಲಸ ಅತ್ಯಂತ ವಿವೇಕದ್ದು: ಹೊರಗಿನವರನ್ನು ಹುಡುಕುವ ಬದಲು ರೋಕಾ ಅವರಿಗೆ ಸಹಾಯಕರಾಗಿದ್ದ ಕಾರ್ಲೆಸ್ ಕುವಾದ್ರಾತ್ ಅವರಿಗೇ ಹೊಣೆಯನ್ನು ಒಪ್ಪಿಸಿದರು. ಅದರ ಫಲ 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಕಂಡಿತು. ಎಫ್‌ಸಿ ಗೋವಾದ ಎದುರು ಗೋಲಿಲ್ಲದೆ ಮುಗಿದ ತೊಂಬತ್ತು ನಿಮಿಷಗಳ ಮೇಲೆ ಹೆಚ್ಚುವರಿ ಕಾಲವೂ ಕರಗುತ್ತ ಬಂದು, 117ನೆಯ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಮೂಲೆಯಿಂದ ಒದ್ದು ಕಳುಹಿಸಿದ ಚೆಂಡಿಗೆ ರಾಹುಲ್ ಭೇಕೆ ತಲೆಯೊಡ್ಡಿದರು. ಚೆಂಡು ಬಲೆಯೊಳಗಿತ್ತು, ಕಪ್ಪು ಕರ್ನಾಟಕದ್ದಾಯಿತು. ಒಬ್ಬರು ಕಟ್ಟಿದ್ದನ್ನು ಕೆಡವದೆ ಮತ್ತೊಬ್ಬರು ಮುಂದುವರಿಸಿದ ಸುಮಾರು ಆರು ವರ್ಷಗಳ ಸಾಧನೆ ಅದು.

ಆಮೇಲೆ ಆ ನಿಧಾನಬುದ್ಧಿ ಕ್ಲಬ್ಬಿನಿಂದ ದೂರವಾಯಿತೆಂದೇ ಹೇಳಬೇಕಾಗಿದೆ. 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ತರುವಾಯ, ಕಪ್ಪು ತಂದುಕೊಟ್ಟ ಕುವಾದ್ರಾತ್ ಅವರೇ ಹೊರನಡೆದರು. ನೌಷಾದ್ ಮೂಸಾ ಕೆಲಕಾಲ ಹಂಗಾಮಿಯಾಗಿ ನಿಂತರು. ಮಾರ್ಕೊ ಪೆಜ್ಜಾಯುವೊಲಿ ಬಂದರು, ಹೋದರು. ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ಪನ್ನು ಗೆದ್ದುಕೊಟ್ಟೂ ಉಳಿಯಲಿಲ್ಲ. ಜೆರಾರ್ಡ್ ಜರಾಗೋಜಾ ಬಂದರು. ತರಬೇತುದಾರನೊಬ್ಬ ಹೋಗುವಾಗ ಒಬ್ಬನೇ ಹೋಗುವುದಿಲ್ಲವೆಂಬುದನ್ನು ಹೊರಗಿನ ಪ್ರೇಕ್ಷಕರು ಅಷ್ಟಾಗಿ ಗಮನಿಸುವುದಿಲ್ಲ. ಅನೇಕ ವೇಳೆ ಅವನ ಸಹಾಯಕರೂ ದೈಹಿಕ ತರಬೇತಿಯವರೂ ಜೊತೆಯಲ್ಲಿಯೇ ಹೊರಡುತ್ತಾರೆ. ಅವನ ಆಟದ ರೀತಿಗೆಂದೇ ಆರಿಸಿ ತಂದ ವಿದೇಶಿ ಆಟಗಾರರು ಹೊಸಬನ ಲೆಕ್ಕಾಚಾರಕ್ಕೆ ಒಗ್ಗದೆ ಬೆಂಚಿನಲ್ಲಿ ಕುಳಿತು ಸಂಬಳವೆಣಿಸುತ್ತಾರೆ. ಇದೀಗ ಮೇಲೇರುತ್ತಿರುವ ಹತ್ತೊಂಬತ್ತರ ಹುಡುಗ, ತನ್ನನ್ನು ಗುರುತಿಸಿದ್ದವರು ಕಾಣೆಯಾದುದರಿಂದ, ತನ್ನ ಯೋಗ್ಯತೆಯನ್ನು ಮತ್ತೆ ಮೊದಲಿನಿಂದ ರುಜುವಾತುಪಡಿಸಬೇಕಾಗುತ್ತದೆ. ನಮ್ಮ ಕಡೆಯ ರೈತ ಕಬ್ಬು ಕಟಾವಾದ ಮೇಲೆ ಬೇರನ್ನುಳಿಸಿ ಕೂಳೆ ಬೆಳೆ ತೆಗೆಯುತ್ತಾನೆಯೇ ಹೊರತು ಪ್ರತಿ ಸಲವೂ ಬುಡಮಟ್ಟ ಕಿತ್ತು ಹೊಸ ಬೀಜ ಊರುವುದಿಲ್ಲ. ತಂಡಗಳನ್ನು ನಡೆಸುವ ಧನಿಕರಿಗೆ ಈ ತಾಳ್ಮೆ ಸುಲಭವಾಗಿ ಒಲಿಯುವುದಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಜರಾಗೋಜಾ ಅವರಿಗೆ ಪೂರ್ಣವಾದೊಂದು ಋತು ದೊರೆತೊಡನೆ, ನಲವತ್ತು ದಾಟಿದ ಸುನಿಲ್ ಛೆಟ್ರಿಯವರ ಹದಿನಾಲ್ಕು ಗೋಲುಗಳ ಬಲದಿಂದ, ತಂಡ 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮತ್ತೆ ಅಂತಿಮ ಪಂದ್ಯವನ್ನಾಡಿತು. ಮೋಹನ್ ಬಾಗಾನಿಗೆ ಹೆಚ್ಚುವರಿ ಕಾಲದಲ್ಲಿ 2–1ರಿಂದ ಸೋತಿತು. ಸಮಯ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಅದಾಗಿ ನಾಲ್ಕು ತಿಂಗಳು ತುಂಬುವುದರೊಳಗೆ ಬಂದ ಸುದ್ದಿ ತರಬೇತುದಾರರ ಬದಲಾವಣೆಗಿಂತಲೂ ಗಂಭೀರವಾಗಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು 2010ರಲ್ಲಿ ಹದಿನೈದು ವರ್ಷಗಳಿಗೆ, 700 ಕೋಟಿ ರೂಪಾಯಿಗೆ, ವಾಣಿಜ್ಯ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದ ಒಪ್ಪಂದವು 2025ರ ಡಿಸೆಂಬರಿನಲ್ಲಿ ಮುಗಿಯಲಿತ್ತು. ಅದರ ನವೀಕರಣವಾಗದ ಕಾರಣ ಲೀಗನ್ನು ನಡೆಸುತ್ತಿದ್ದ ಕಂಪನಿ ಜುಲೈಯಲ್ಲಿಯೇ ಹೊಸ ಋತುವನ್ನು ತಡೆಹಿಡಿಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಕಿರಿಯರ ತರಬೇತಿಗೆ ಇದರಿಂದ ಬಾಧೆಯಿಲ್ಲವೆಂದೂ ಹೇಳಿತು. ಅದು ಸಮಾಧಾನದ ಮಾತೇ ಸರಿ. ಆದರೆ ಕಂಠೀರವದ ಪಶ್ಚಿಮ ಭಾಗದಲ್ಲಿ ನೀಲಿ ಅಂಗಿ ತೊಟ್ಟು, ನಿಂತೇ ಹಾಡಿ ಕೂಗಿ ಗಂಟಲು ಬತ್ತಿಸಿಕೊಳ್ಳುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗದ ಅಭಿಮಾನಿಗಳನ್ನು ಈ ನಿರ್ಧಾರಗಳ ಯಾವ ಹಂತದಲ್ಲಿಯೂ ಕೇಳಬೇಕಾದ ನಿಯಮವೆಲ್ಲಿದೆ? ಅವರಿಗೆ ಟಿಕೆಟು ಕೊಳ್ಳುವ ಹಕ್ಕುಂಟು, ಮತದ ಹಕ್ಕಿಲ್ಲ.

ಮತವಿಲ್ಲದ ಊರಿಗೆ ಏನಾಗಬಹುದೆಂಬುದನ್ನು ನೆರೆಯ ಹೈದರಾಬಾದು ಕಂಡಿದೆ. 2022ರಲ್ಲಿ ಚಾಂಪಿಯನ್ ಆದ ಹೈದರಾಬಾದ್ ಎಫ್‌ಸಿ, ಒಡೆಯರ ಹಣದ ಮುಗ್ಗಟ್ಟಿನಿಂದ ಸಂಬಳಗಳು ಬಾಕಿಯುಳಿದು, ಆಟಗಾರರು ಒಬ್ಬೊಬ್ಬರಾಗಿ ತೊರೆದು, ಎರಡೇ ವರ್ಷಗಳಲ್ಲಿ ಪಟ್ಟಿಯ ತಳಕ್ಕಿಳಿಯಿತು. ಹೊಸ ಒಡೆಯರು ಬಂದರು. 2025ರಲ್ಲಿ ತಂಡ ಹೆಸರು ಬದಲಿಸಿಕೊಂಡು ದಿಲ್ಲಿಗೆ ಹೋಯಿತು. ಅದೇ ದಿಲ್ಲಿಯಿಂದ 2019ರಲ್ಲಿ ಡೈನಮೋಸ್ ತಂಡ ಭುವನೇಶ್ವರಕ್ಕೆ ತೆರಳಿ ಒಡಿಶಾ ಎಫ್‌ಸಿ ಎನಿಸಿಕೊಂಡಿತ್ತು. ಊರಿನ ಹೆಸರನ್ನು ಎದೆಯ ಮೇಲೆ ಧರಿಸಿ ಆಡಿದ ತಂಡಗಳನ್ನು ಸರಕಿನಂತೆ ಸಾಗಿಸುವಾಗ ಆ ಊರಿನವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಇದನ್ನು ಅನ್ಯಾಯವೆಂದು ಕರೆಯಲು ನಾನು ಹಿಂಜರಿಯುವುದಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಗ್ರಾಮಗಳಿಗೆ ವಿದ್ಯುತ್ತನ್ನು ಸಹಕಾರದ ಮೂಲಕ ತಲುಪಿಸಬಹುದೇ ಎಂದು ಪರೀಕ್ಷಿಸಲು 1969ರ ಸುಮಾರಿಗೆ ದೇಶದಲ್ಲಿ ಆರಿಸಿದ ಐದು ಸ್ಥಳಗಳಲ್ಲಿ ಹುಕ್ಕೇರಿಯೂ ಒಂದಾಗಿತ್ತು. ರಾಜ್ಯದ ಉಳಿದೆಡೆಗಳಲ್ಲೆಲ್ಲ ಸರಕಾರಿ ಕಂಪನಿಗಳು ಬೆಳಕು ಹಂಚುತ್ತಿರುವಾಗ, ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಷೇರುದಾರ ಬಳಕೆದಾರರ ಒಡೆತನದಲ್ಲಿಯೇ ಇಂದಿಗೂ ನಡೆಯುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಅದರ ಆಡಳಿತ ಮಂಡಳಿಗೆ ಜರುಗಿದ ಚುನಾವಣೆಯ ಕಾವನ್ನು ನೋಡಿದವರು ಸಹಕಾರವೆಂದರೆ ರಾಜಕೀಯದ ಅಖಾಡವೆಂದು ಮೂಗು ಮುರಿಯಬಹುದು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಸಹಕಾರಿ ಸಂಸ್ಥೆಗಳು ಬಲಾಢ್ಯ ಮನೆತನಗಳ ಕೈಗೆ ಸಿಕ್ಕು ನರಳುವುದನ್ನು ನಾವು ಬಲ್ಲೆವು. ಆದರೂ ಅಲ್ಲಿ ಆಳುವವನು ಮನೆಮನೆಗೆ ಬಂದು ಕೈಮುಗಿದು ಮತ ಕೇಳಬೇಕು. ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಸಂಸ್ಥೆಗಳಲ್ಲಿ ಷೇರು ಹಿಡಿದ ರೈತ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಟವಲು ಕೊಡವಿಕೊಂಡು ಎದ್ದುನಿಂತು, ‘ಕಬ್ಬಿನ ಬಿಲ್ ಯಾಕ ತಡಾ ಆತ್ರಿ?’ ಎಂದು ಕೇಳಬಲ್ಲ, ವೇದಿಕೆಯವರು ಉತ್ತರಿಸಲೇಬೇಕು. ಷೇರಿಲ್ಲದೆಡೆಯಲ್ಲಿಯೂ ನಮ್ಮವರು ಸುಮ್ಮನಿರುವವರಲ್ಲ: 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಹಗಲಿರುಳು ಕುಳಿತ ರೈತರು ಕೊನೆಗೆ ಸರಕಾರದಿಂದ 3,300 ರೂಪಾಯಿಯ ನಿರ್ಣಯವನ್ನು ಪಡೆದೇ ಎದ್ದರು.

ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ಬಹಳ ಹೊತ್ತಾಗುವ ಮುನ್ನವೇ ಸೇರುವ ಕೊಲ್ಲಾಪುರದಲ್ಲಿ ಇದೇ ತತ್ತ್ವವು ಕಾಲ್ಚೆಂಡಿನಲ್ಲಿಯೇ ಬೇರುಬಿಟ್ಟಿರುವುದನ್ನು ಕಾಣಬಹುದು. ಪಾಟಾಕಡೀಲ್ ತಾಲೀಮ್, ಖಂಡೋಬಾ ತಾಲೀಮ್, ದಿಲ್‌ಬಹಾರ್ ತಾಲೀಮ್ ಎಂದು ಅಲ್ಲಿನ ತಂಡಗಳ ಹೆಸರುಗಳೇ ಗರಡಿಮನೆಗಳ ಹೆಸರುಗಳು; ಒಂದೊಂದು ಪೇಟೆಗೆ ಒಂದೊಂದು ತಂಡ. ಶಾಹು ಕ್ರೀಡಾಂಗಣದಲ್ಲಿ ಪಂದ್ಯವಿರುವ ದಿನ ಪೇಟೆಗೆ ಪೇಟೆಯೇ ಅಲ್ಲಿ ನೆರೆಯುತ್ತದೆ. ಸೋತರೆ ಜಗಳವಾದೀತು, ತರಬೇತುದಾರನೂ ಬದಲಾದಾನು, ಆದರೆ ತಾಲೀಮು ಪೇಟೆಯನ್ನು ಬಿಟ್ಟು ಇನ್ನೊಂದು ಊರಿಗೆ ಮಾರಾಟವಾಗುವುದನ್ನು ಅಲ್ಲಿ ಯಾರೂ ಊಹಿಸಲಾರರು. 2017ರಲ್ಲಿ ಹದಿನೇಳರೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರವಾಗಿ ಆಡಿದ ಅನಿಕೇತ್ ಜಾಧವ್ ಇದೇ ಊರಿನವರು.

ಜರ್ಮನಿಯಲ್ಲಿಯಂತೂ ಕೆಲವು ಅಪವಾದಗಳನ್ನುಳಿದು ಪ್ರತಿಯೊಂದು ಕ್ಲಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಸದಸ್ಯರ ಕೈಯಲ್ಲಿಯೇ ಇರಬೇಕೆಂಬ ನಿಯಮವಿದೆ. ಸ್ಪೇನಿನ ಬಾರ್ಸಿಲೋನಾ ಸದಸ್ಯರದೇ ಸ್ವತ್ತು. ಅಲ್ಲಿಯೂ ತರಬೇತುದಾರರನ್ನು ತೆಗೆಯುತ್ತಾರೆ, ಅಲ್ಲಿಯೂ ಸಾಲಗಳಾಗುತ್ತವೆ. ಸದಸ್ಯರ ಒಡೆತನ ಸಕಲ ರೋಗಗಳಿಗೂ ಮದ್ದೆಂದು ನಾನು ವಾದಿಸುತ್ತಿಲ್ಲ. ತೆಗೆದವರು ಕಾರಣ ಹೇಳಬೇಕಾಗುತ್ತದೆ, ಸಾಲ ಮಾಡಿದವರು ಲೆಕ್ಕ ಒಪ್ಪಿಸಬೇಕಾಗುತ್ತದೆ, ಇಷ್ಟೇ ನನ್ನ ವಾದ. ಇಷ್ಟಾದರೆ ಮೂರು ಸೋಲುಗಳ ಕೋಪದಲ್ಲಿ ಮೂರು ವರ್ಷಗಳ ಕೆಲಸವನ್ನು ಅಳಿಸಿಹಾಕುವ ಕೈ ತುಸು ತಡೆದೀತು.

ಜೆಎಸ್‌ಡಬ್ಲ್ಯು ಈ ನಾಡಿನ ಕಾಲ್ಚೆಂಡಿಗೆ ಮಾಡಿದ ಉಪಕಾರ ಸಣ್ಣದಲ್ಲ. ಬಳ್ಳಾರಿಯ ಕಡೆ ವಸತಿ ಶಾಲೆ ತೆರೆದು ಉತ್ತರ ಕರ್ನಾಟಕದ ನೆಲದಲ್ಲಿಯೇ ಹುಡುಗರನ್ನು ತಿದ್ದಲು ತೊಡಗಿದ್ದೂ ಅವರೇ. ಅವರು ಕ್ಲಬ್ಬನ್ನು ಬಿಟ್ಟುಕೊಡಬೇಕೆಂದು ಯಾರೂ ಕೇಳುವುದಿಲ್ಲ. ಬಂಡವಾಳದ ಹತ್ತರಲ್ಲೊಂದು ಪಾಲನ್ನಾದರೂ ಸಾಮಾನ್ಯರು ಕೊಳ್ಳಬಹುದಾದ ಸಣ್ಣ ಷೇರುಗಳಾಗಿ ಕನ್ನಡಿಗರ ಮುಂದೆ ತೆರೆದಿಡಲಿ. ಆ ಷೇರುದಾರರು ಆರಿಸಿದ ಒಬ್ಬಿಬ್ಬರಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನ ಕೊಡಲಿ. ಊರು, ಹೆಸರು, ಬಣ್ಣಗಳನ್ನು ಅವರ ಒಪ್ಪಿಗೆಯಿಲ್ಲದೆ ಬದಲಿಸುವುದಿಲ್ಲವೆಂದು ಬರೆದುಕೊಡಲಿ. ತರಬೇತುದಾರನನ್ನು ನೇಮಿಸುವಾಗಲೂ ತೆಗೆಯುವಾಗಲೂ ವರ್ಷಕ್ಕೊಮ್ಮೆಯ ಸಭೆಯಲ್ಲಿ ಕಾರಣ ತಿಳಿಸಲಿ. ಅಂಥ ಷೇರು ಮಾರಾಟಕ್ಕೆ ಬಂದ ದಿನ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕ್ರೀಡಾಪ್ರೇಮಿಗಳು ಹಿಂದುಳಿಯಬಾರದು. ಸಕ್ಕರೆ ಕಾರ್ಖಾನೆಗೂ ವಿದ್ಯುತ್ ಸಂಘಕ್ಕೂ ಷೇರುಹಣ ಕಟ್ಟಿದ ಮನೆತನಗಳವರೇ ಮೊದಲು ಮುಂದೆ ಬಂದು ತಮ್ಮ ಹೆಸರು ಬರೆಸಬೇಕೆಂದು ನನ್ನ ಪ್ರಾರ್ಥನೆ.